ಆರು ವರ್ಷದ ಹುಡುಗಿಗೆ

ದೀಪಾವಳಿಗೆ ಇನ್ನೆರಡೇ ದಿನವಿತ್ತು. ಆಟಿಕೆ ಅಂಗಡಿಗೆ ಬಂದ ಹೆಂಗಸು, "ಆರು ವರ್ಷದ ಹುಡುಗಿಗೆ ಏನಾದ್ರೂ ತೋರಿಸಿ. ಅಪ್ಪ ಅಮ್ಮ ಇಲ್ಲದ ಮಗು, ನಾವೇ ಮನೆಗೆ ಕರ್ಕೊಂಡು ಬಂದಿದೀವಿ" ಎಂದಳು.

ಅಂಗಡಿಯ ಪದ್ಮಲತಾಳ ಮನಸ್ಸು ಕರಗಿತು. ಇದ್ದುದರಲ್ಲೇ ಚೆಂದದ ಗೊಂಬೆಯನ್ನು ಹುಡುಕಿ ತೆಗೆದಳು.

"ಗೊಂಬೆ ಬೇಡ. ಅದನ್ನ ಹಿಡ್ಕೊಂಡು ಕೂತ್ಬಿಡ್ತಾಳೆ."

"ಬಣ್ಣದ ಪೆನ್ಸಿಲ್ ಕೊಡ್ಲಾ ಮೇಡಂ? ಸ್ಕೂಲಿಗೆ ಹೋಗ್ತಾಳಲ್ವಾ?"

ಆಕೆ ಮೂಲೆಯಲ್ಲಿದ್ದ, ಬಾತುಕೋಳಿ ಚಿತ್ರದ ಪುಟ್ಟ ಸ್ಟೂಲನ್ನು ನೆಲಕ್ಕೊತ್ತಿ ಅಲ್ಲಾಡಿಸಿ ನೋಡಿದಳು.

"ಇದು ಒದ್ದೆ ನೆಲದಲ್ಲಿ ಜಾರಲ್ಲ ತಾನೇ?"

"ಇಲ್ಲ ಮೇಡಂ. ಮಕ್ಕಳು ಕೂತ್ಕೊಂಡು ಆಡೋಕೆ ಅಂತಾನೇ ಮಾಡಿರೋದು."

"ಕೂತ್ಕೊಳ್ಳೋಕಲ್ಲ, ನಿಂತ್ಕೊಳ್ಳೋಕೆ" ಎಂದು ಆಕೆ ನಕ್ಕಳು. "ಪಾತ್ರೆ ತೊಳೆಯೋ ಸಿಂಕು ಇನ್ನೂ ಎಟುಕಲ್ಲ ಅವಳಿಗೆ."