ಅರ್ಧ ಗಂಟೆಯ ಅನುಮತಿ

ಪರದೆಯ ಮೇಲೆ "ಅನುಮತಿ: ಅರ್ಧ ಗಂಟೆ" ಎಂದು ಮೂಡಿದ್ದೇ ತಡ, ಅಕ್ಕನಿಗೆ ರೇಗಿಹೋಯಿತು. ಪಕ್ಕದ ಮೇಜಿನ ಹೊಸಬನಿಗೆ ಅದೇ ಕೆಲಸಕ್ಕೆ ಎರಡು ಗಂಟೆ ಸಿಕ್ಕಿತ್ತು. ಕಂಪನಿಯ ಕ್ಲೌಡ್ ಸರ್ವರ್‌ಗಳನ್ನು ಮೊದಲ ದಿನದಿಂದ ಸಾಕಿದವಳು ಅವಳು. ಹಗಲಿರುಳೆನ್ನದೆ ಅವು ಅವಳ ಪಾಸ್‌ವರ್ಡ್‌ಗೆ ತೆರೆದುಕೊಳ್ಳುತ್ತಿದ್ದವು. ಈಗ ಯಾರೇ ಒಳಹೋಗಬೇಕಾದರೂ ಕಾರಣ ಬರೆದು ಕೇಳಬೇಕು, ಕೊಟ್ಟಷ್ಟು ಹೊತ್ತು ಮಾತ್ರ ಇರಬೇಕು. ಆ ಅನುಮತಿ ಕೊಡುವವಳು, ತಾನೇ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ ಸ್ವಂತ ತಂಗಿ.

ಅಕ್ಕ ಕುರ್ಚಿ ತಳ್ಳಿ ಎದ್ದು ತಂಗಿಯ ಮುಂದೆ ನಿಂತಳು. "ಏನಮ್ಮಾ ಮಹಾರಾಣಿ, ನಿನ್ನೆ ಮೊನ್ನೆ ಬಂದವನಿಗೆ ಎರಡು ಗಂಟೆ, ನನಗೆ ಮಾತ್ರ ಭಿಕ್ಷೆ ಹಾಕ್ತೀಯಾ?"

ತಂಗಿ ಏನೂ ತಿಳಿಯದವಳಂತೆ ತಲೆಯೆತ್ತಿದಳು. "ಅವನು ತಡಕಾಡ್ತಾ ಕೂತಿರ್ತಾನೆ ಕಣೇ ಅಕ್ಕಾ. ನಿನಗ್ಯಾಕೆ ಅಷ್ಟು ಹೊತ್ತು? ಬಾಗಿಲು ಸುಮ್ಮನೆ ತೆರೆದಿಟ್ರೆ ಕಳ್ಳರು ನುಗ್ಗಲ್ವಾ? ಬೇಕಿದ್ರೆ ಹೇಳು, ಈಗಲೇ ಎರಡು ಗಂಟೆ ಮಾಡ್ತೀನಿ." ಅವಳ ಬೆರಳು ಮೌಸಿನ ಮೇಲೆ ಕಾಯುತ್ತಿತ್ತು.

ಅಕ್ಕ ಹೊಸಬನ ಕಡೆ ತಿರುಗಿ ನೋಡಿದಳು. ಅವನು ಎರಡು ಗಂಟೆ ಇಟ್ಟುಕೊಂಡು ಉಗುರು ಕಚ್ಚುತ್ತ ಕುಳಿತಿದ್ದ.

"ಎರಡು ಗಂಟೆ ಯಾರಿಗೆ ಬೇಕು," ಎಂದಳು ಅಕ್ಕ. "ಕಾಲು ಗಂಟೆ ಮಾಡು."