ಕಡ ತಂದ ಮಾರ್ದನಿ

ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ ಹಾಲಿನವನು ಎಂದಿನಂತೆ ಎರಡು ಪೊಟ್ಟಣ ಇಟ್ಟುಹೋಗಿದ್ದ. ಸುಮೇಧಾ ಒಂದನ್ನಷ್ಟೇ ಕಾಯಿಸಿದಳು.

ತೀರಿಹೋದ ಗಂಡ ಮುಕುಂದ ಗಣಿ ಕಂಪನಿಯ ಭೂವಿಜ್ಞಾನಿಯಾಗಿದ್ದ. ಬೆಟ್ಟದ ಮಾರ್ದನಿಯನ್ನು ಕಡ ತಂದು, ಒಳಗೆ ಯಾವ ಅದಿರಿದೆ ಎಂದು ಕೇಳಿ ತಿಳಿಯುವುದು ಅವನ ಕೆಲಸವಾಗಿತ್ತು. ಸೋಲಿಗರ ಪೋಡಿನಿಂದ, ಅಂದರೆ ಕಾಡಿನ ಹಾಡಿಯಿಂದ, ತಂದ ಮಾರ್ದನಿ ಇನ್ನೂ ಮನೆಯಲ್ಲಿ ಸೋರೆಬುರುಡೆಯಲ್ಲಿಯೇ ಇತ್ತು.

"ಇನ್ನೊಂದು ವಾರ ಇಟ್ಕೊಳ್ಳಿ ಮೇಡಂ, ಎಲ್ಲಿ ಕೊರೀಬೇಕು ಅಂತ ಗುರುತು ಮಾಡ್ಬಿಡ್ತೀವಿ," ಎಂದರು ಫೋನಿನಲ್ಲಿ ಕಂಪನಿಯ ಮ್ಯಾನೇಜರ್.

"ಜೇನು ಕೀಳೋ ಹೊತ್ತಿಗೆ ವಾಪಸ್ ಕೊಡ್ತೀನಿ ಅಂತ ಅವರು ಮಾತು ಕೊಟ್ಟಿದ್ರು," ಎಂದು ಹೇಳಿ ಅವಳು ಬುರುಡೆ ಹಿಡಿದು ಬಸ್ಸು ಹತ್ತಿದಳು.

ಪೋಡಿನ ಹಿರಿಯಳು ಕೇತಮ್ಮ ಬುರುಡೆಯನ್ನು ಕಿವಿಗೆ ಹಿಡಿದು ನೋಡಿದಳು. "ಕೊಂಡೋದೋನ್ಗೇನು ಕಾಲ್ ನೋವಾ? ಮಾರ್ದನಿ ಇಲ್ದೆ ಬಂಡೆ ಎಷ್ಟು ದೂರ ಅಂತ ಗೊತ್ತಾಗಾಕಿಲ್ಲ. ಜೇನ್ ಕೀಳೋ ನಮ್ ಹೈಕ ಹಗ್ಗ ಹಿಡ್ಕಂಡು ಸುಮ್ನೆ ಕುಂತವೆ."

"ತೀರಿಕೊಂಡ್ರು, ಅಜ್ಜಿ."

ಕೇತಮ್ಮ ಬುರುಡೆಯನ್ನು ಅವಳ ಕೈಗೇ ಮರಳಿ ಕೊಟ್ಟಳು. "ಕಡ ತಕ್ಕಂಡೋನ್ ಹೆಸರು ಕೂಗಿ ಮಾರ್ದನಿ ಬುಡಬೇಕು ಕಣವ್ವ. ನೀನೇ ಕೂಗು."

ಹದಿಮೂರು ದಿನ ಮನೆಯಲ್ಲಿ ಮಂತ್ರದ ಹೊರತು ಯಾರೂ ಆ ಹೆಸರೆತ್ತಿರಲಿಲ್ಲ. ಸುಮೇಧಾ ಬುರುಡೆಯ ಮುಚ್ಚಳ ತೆಗೆದು, "ಮುಕುಂದಾ..." ಎಂದು ಕೂಗಿದಳು.

ಬೆಟ್ಟ ಮೂರು ಸಲ ಓಗೊಟ್ಟಿತು. ಬಂಡೆಯಂಚಿನಲ್ಲಿದ್ದವರು ಆ ಹೆಸರಿನಲ್ಲೇ ದೂರ ಅಳೆದುಕೊಂಡು, ಒಬ್ಬೊಬ್ಬರಾಗಿ ಜೇನಿಗೆ ಇಳಿಯತೊಡಗಿದರು.