ಸಡಿಲಾದ ನಟ್ಟು

"ಎಲ್ಲರೂ ಹಿಂದೆ ಸರೀರಿ, ಚಕ್ರದ ನೇರಕ್ಕೆ ಯಾರೂ ನಿಲ್ಬೇಡಿ!" ಎಂದು ಹಿತ್ತಾಳೆ ಅಜ್ಜ ಗತ್ತಿನಿಂದ ಕೂಗಿದಾಗ ಆ ಕೋಣೆಯಲ್ಲಿ ಇದ್ದವರೇ ಇಬ್ಬರು: ಅವನ ಹೆಂಡತಿ, ಮತ್ತೆ ತುತ್ತೂರಿ ಹಿಡಿದು ಬಂದಿದ್ದ ಬ್ಯಾಂಡಿನವನು. ಇಬ್ಬರೂ ಪಕ್ಕಕ್ಕೆ ಸರಿದರು. ಊರ ಬ್ಯಾಂಡಿನ ತುತ್ತೂರಿಗಳನ್ನೆಲ್ಲ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಈ ಅಡ್ಡಹೆಸರು ಗಳಿಸಿದ್ದ ಮನುಷ್ಯ ಇವತ್ತು ಮೊದಲ ಸಲ, ಮನೆಯಲ್ಲೇ ಮಾಡಿದ ಪಾಲಿಶ್ ಚಕ್ರ ಓಡಿಸುವವನಿದ್ದ.

ಚಕ್ರವೆಂದರೆ ಅಂಥ ಘನಂದಾರಿ ವಸ್ತುವೇನಲ್ಲ. ಕೆಟ್ಟ ವಾಷಿಂಗ್ ಮೆಷಿನ್ನಿನಿಂದ ಕಿತ್ತ ಮೋಟಾರು. ಅಜ್ಜನ ಹಳೇ ಪ್ಯಾಂಟುಗಳನ್ನು ದುಂಡಗೆ ಕತ್ತರಿಸಿ, ಒಂದರ ಮೇಲೊಂದಿಟ್ಟು ಹೊಲಿದ ಬಟ್ಟೆಯ ಬಿಲ್ಲೆ. ಅದು ಕಳಚಿ ಬೀಳದಂತೆ ಒಂದು ನಟ್ಟು. ಹೊಲಿದವಳು ಅಜ್ಜಿ. "ಅಂತೂ ಪ್ಯಾಂಟಿಗೆ ಓಡೋ ಯೋಗ ಬಂತು. ನಿಮ್ಮ ಕಾಲಲ್ಲಿದ್ದಾಗ ಒಂದು ದಿನ ಓಡಿದ್ದಿಲ್ಲ" ಎಂದು ಸೂಜಿ ಚುಚ್ಚುತ್ತಲೇ ರೇಗಿಸಿದ್ದಳು.

ಆದರೆ ಜೋಪಾನದ ವಿಷಯದಲ್ಲಿ ಅಜ್ಜ ಯಾರ ಮಾತಿಗೂ ಬಗ್ಗುವವನಲ್ಲ. ಮೋಟಾರನ್ನು ಮೇಜಿಗೆ ಬೋಲ್ಟು ಹಾಕಿ ಕೂರಿಸಿದ್ದ. ಏನಾದರೂ ಸಿಡಿದರೆ ತಡೆಯಲಿ ಎಂದು ಹಿಂದುಗಡೆ ದಪ್ಪ ಕಂಬಳಿ ಇಳಿಬಿಟ್ಟಿದ್ದ. ಅಜ್ಜಿಯ ಜಡೆಯನ್ನು ಗಂಟು ಕಟ್ಟಿಸಿದ್ದ, ತನ್ನ ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದ್ದ. "ಕೈಗವಸು ಹಾಕ್ಕೊಳ್ಳಿ" ಎಂದು ಅವಳು ಅಂದಿದ್ದಕ್ಕೆ, "ಅಯ್ಯೋ ಮಾರಾಯ್ತಿ, ತಿರುಗೋ ಚಕ್ರ ಬಟ್ಟೆ ಕಂಡ್ರೆ ಬಿಡಲ್ಲ. ಗವಸಿನ ಜೊತೆ ಕೈನೂ ಎಳ್ಕೊಳ್ಳುತ್ತೆ" ಎಂದು ಗದರಿದ್ದ. ಬೆಳಿಗ್ಗೆ ನಟ್ಟು ಬಿಗಿದವನೂ ಅವನೇ. ಬಲಗೈಯಲ್ಲಿ ಸ್ಪ್ಯಾನರ್ ಹಿಡಿದು, ಆ ಬಲಗೈಯನ್ನೇ ಎಡಗೈಯಿಂದ ಅಮುಕಿಕೊಂಡು, ಮೈಭಾರವೆಲ್ಲ ಬಿಟ್ಟು ಬಿಗಿದಿದ್ದ. ಅಜ್ಜಿ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದಳು.

ಆ ಕೈ ನಡುಗತೊಡಗಿ ಸುಮಾರು ಕಾಲವಾಗಿತ್ತು. ಕೇಳಿದರೆ "ಚಳಿ" ಅನ್ನುತ್ತಿದ್ದ. ಬೆವರು ಧಾರಾಕಾರ ಸುರಿಯುವ ದಿನವೂ ಅವನಿಗೆ ಚಳಿಯೇ! ಉಜ್ಜುವುದನ್ನು ಮೋಟಾರು ಮಾಡಿದರೆ ತಾನು ಸುಮ್ಮನೆ ಹಿಡಿದುಕೊಂಡರೆ ಸಾಕು ಎಂಬುದು ಅವನ ಲೆಕ್ಕ. ಹಿಡಿಯುವುದಕ್ಕೇ ಅಲ್ಲವೇ ನಡುಗದ ಕೈ ಬೇಕಾದ್ದು? ಇದನ್ನು ಹೇಳಲು ಅಜ್ಜಿಗೆ ಬಾಯಿ ಬಂದಿರಲಿಲ್ಲ. ಬೆರಳಿಗೆ ಏಟಾದೀತೆಂಬ ಭಯ ಒಂದು ಕಡೆ. ಈ ಕೆಲಸವೂ ಕೈಬಿಟ್ಟರೆ ಮುದುಕ ಬೆಳಿಗ್ಗೆ ಯಾವ ಆಸೆಗೆ ಹಾಸಿಗೆ ಬಿಟ್ಟು ಏಳುತ್ತಾನೆ ಎಂಬ ಭಯ ಇನ್ನೊಂದು ಕಡೆ.

ಅಜ್ಜ ಸ್ವಿಚ್ಚು ಒತ್ತಿದ. ಚಕ್ರ ಗಿರ್ರೆಂದಿತು. ಅದಕ್ಕೆ ಪಾಲಿಶ್ ಮೇಣ ತಾಗಿಸಿ, ತುತ್ತೂರಿಯಿಂದ ಕಳಚಿಟ್ಟಿದ್ದ ಬಾಯಿಗಿಡುವ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದ. ಮಾಸಿದ ಹಿತ್ತಾಳೆ ನೋಡನೋಡುತ್ತಲೇ ಹೊಳೆಯತೊಡಗಿತು. "ಭಲೇ ಅಜ್ಜಾ!" ಎಂದ ಬ್ಯಾಂಡಿನವನು. ಅಷ್ಟರಲ್ಲಿ ಅಜ್ಜನ ಬೆರಳು ನಡುಗಿತು, ತುದಿ ಚಕ್ರದ ಅಂಚಿಗೆ ಜಾರಿತು. ಚಕ್ರ ಅದನ್ನು ಗಬಕ್ಕನೆ ಕಿತ್ತುಕೊಂಡು ಎಸೆಯಿತು. ಕಂಬಳಿಗೆ ಧಪ್ಪೆಂದು ಬಡಿದು ಅದು ನೆಲಕ್ಕುರುಳಿತು. ಅಜ್ಜಿ ಒಂದೇ ನೆಗೆತಕ್ಕೆ ಹೋಗಿ ಸ್ವಿಚ್ಚು ಆರಿಸಿದಳು.

ಯಾರಿಗೂ ಏನೂ ಆಗಿರಲಿಲ್ಲ. ಆದರೆ ಬ್ಯಾಂಡಿನವನು ನೆಲದ ಮೇಲಿನ ತುದಿಯನ್ನು ನೋಡುತ್ತಿರಲಿಲ್ಲ, ಅಜ್ಜನ ಕೈಯನ್ನು ನೋಡುತ್ತಿದ್ದ. ಅಜ್ಜ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಅಜ್ಜಾ, ನಿಮ್ಮ ಕೈ..."

"ಅಯ್ಯಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಅಜ್ಜಿ ಹಣೆ ಚಚ್ಚಿಕೊಂಡಳು. "ನಟ್ಟು ಬಿಗಿ ಮಾಡೇ ಅಂತ ಬೆಳಿಗ್ಗೆನೇ ಹೇಳಿದ್ರಪ್ಪಾ, ಮರ್ತೇಬಿಟ್ಟೆ! ಸಡಿಲ ಇದ್ರೆ ಚಕ್ರ ಅಲ್ಲಾಡದೆ ಇನ್ನೇನು?"

ಅಜ್ಜ ನಿಧಾನವಾಗಿ ಒಂದು ಕೈ ಹೊರತೆಗೆದು ನಟ್ಟನ್ನು ಮುಟ್ಟಿ ನೋಡಿದ. ಅಜ್ಜಿ ಅವನ ಬೆರಳನ್ನೇ ನೋಡುತ್ತಿದ್ದಳು. ಬೇರೆ ಯಾವ ಸುಳ್ಳನ್ನಾದರೂ ನುಂಗಿಕೊಂಡಾನು ಈ ಮುದುಕ, ಕೆಲಸದ ವಿಷಯದಲ್ಲಿ ಸುಳ್ಳು ಹೇಳಿದವರನ್ನು ಇವತ್ತಿನವರೆಗೆ ಸುಮ್ಮನೆ ಬಿಟ್ಟವನಲ್ಲ.

"ಹ್ಞೂಂ," ಎಂದ ಅಜ್ಜ. "ಎಷ್ಟು ಬಡ್ಕೊಂಡ್ರೂ ಅಷ್ಟೇ, ಇವಳ ತಲೆಗೆ ಹೋಗಲ್ಲ."

ಬ್ಯಾಂಡಿನವನಿಗೆ ಹೋದ ಜೀವ ಬಂದಂತಾಯಿತು. ನಕ್ಕುಬಿಟ್ಟ. "ಅಷ್ಟೇನಾ? ನಾನೆಲ್ಲೋ... ಹಾಗಾದ್ರೆ ನಾಳೆ ನಮ್ಮವರ ತುತ್ತೂರಿನೂ ತಂದ್ಬಿಡ್ತೀನಿ ಅಜ್ಜಾ."

"ತಗೊಂಡು ಬಾ. ಆದ್ರೆ ಇನ್ಮೇಲೆ ಚಕ್ರದ ಮುಂದೆ ನಿಲ್ಲೋಳು ಇವಳೇ. ತಪ್ಪು ಮಾಡಿದೋರೇ ದುಡೀಲಿ. ನಾನು ಪಕ್ಕದಲ್ಲಿ ನಿಂತು ಹೇಳ್ಕೊಡ್ತೀನಿ, ಸ್ವಿಚ್ಚು ನೋಡ್ಕೋತೀನಿ." ಕೊನೆಯ ಮಾತಿಗೆ ಅವನ ದನಿ ಸ್ವಲ್ಪ ಒಡೆಯಿತು. ಅಜ್ಜಿಗೆ ಕಣ್ಣು ತುಂಬಿ ಬಂತು. ಮೇಣದ ಧೂಳು ಬಿತ್ತೆಂಬಂತೆ ಉಜ್ಜಿಕೊಂಡಳು.

ಅಜ್ಜ ಸ್ಪ್ಯಾನರ್ ಎತ್ತಿ ಅವಳ ಕೈಗಿಟ್ಟ. "ಮೊದ್ಲು ಇದನ್ನ ಬಿಗಿ ಮಾಡು."

ಅವಳು ಹಲ್ಲು ಕಚ್ಚಿ ಒತ್ತಿದಳು. "ಸಾಕೇನ್ರೀ?"

"ಇನ್ನೊಂದು ಸುತ್ತು," ಎಂದ ಅಜ್ಜ, ಅವಳ ಮುಖ ನೋಡದೆ.

ಕೂದಲೆಳೆಯಷ್ಟೂ ಅಲುಗದ ಆ ನಟ್ಟಿಗೆ ಅಜ್ಜಿ ಇನ್ನೊಂದು ಸುತ್ತು ಹಾಕಿದಂತೆ ಮಾಡಿದಳು.